ನಷ್ಟವನ್ನು ಗೋದಾಮಿನಲ್ಲಿ ಇಡಬೇಡಿ

ಹಡಗಲಿ ಮಲ್ಲಿಗೆಯ ವ್ಯಾಪಾರಿಗೆ ನಷ್ಟ ಅನ್ನುವುದು ಒಂದೇ ದಿನದ ಮಾತು. ಮೊಗ್ಗು ಬಿಡಿಸಿದ ಮೇಲೆ ಅದು ಅರಳುವುದರೊಳಗೆ ಮಾರಬೇಕು. ದರ ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವಾದರೇನು, ನಾಳೆಗೆ ಅದನ್ನು ಕೇಳುವವರಿಲ್ಲ. ಹೀಗಾಗಿ ಅವನ ಸೋಲು ರಾತ್ರಿ ಊಟಕ್ಕೆ ಮುಂಚೆಯೇ ಲೆಕ್ಕಕ್ಕೆ ಬಂದಿರುತ್ತದೆ.

ನಮ್ಮಂಥ ಕಾಳುಕಡಿ ವ್ಯಾಪಾರಿಗಳ ಪಾಡು ಬೇರೆ. ಕೊಟ್ಟೂರಿನಲ್ಲಿ ನಾವು ಹಿಡಿಯುವ ಮೆಕ್ಕೆಜೋಳ, ಶೇಂಗಾ, ಕೂಡ್ಲಿಗಿ ಕಡೆಯಿಂದ ಬರುವ ಹುಣಸೆಹಣ್ಣು ಇವನ್ನೆಲ್ಲ ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದು. ಮಾಲಿನ ಜೊತೆ ನಷ್ಟವನ್ನೂ ಇಟ್ಟುಕೊಳ್ಳಬಹುದು. ದರ ಬಿದ್ದ ದಿನ ಯಾವ ವ್ಯಾಪಾರಿಯೂ ಅಷ್ಟೊಂದು ಕುಗ್ಗುವುದಿಲ್ಲ. ಬಿದ್ದದ್ದನ್ನು ಒಪ್ಪಿಕೊಳ್ಳದೆ, ಮನೆಯಲ್ಲೂ ಹೇಳದೆ, ಬೀಗ ಹಾಕಿ ಕಾಯುತ್ತಾನಲ್ಲ, ಆ ತಿಂಗಳುಗಳು ಅವನನ್ನು ತಿಂದುಹಾಕುತ್ತವೆ.

2020ರ ಬೇಸಿಗೆ ನೆನಪಿರಬೇಕು. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಹಬ್ಬಿ ಕೋಳಿ ಫಾರಂಗಳು ನೆಲ ಕಚ್ಚಿದವು. ಕೋಳಿ ಆಹಾರಕ್ಕೆ ಹೋಗುವ ಮೆಕ್ಕೆಜೋಳಕ್ಕೆ ಗಿರಾಕಿ ಇಲ್ಲದಂತಾಯಿತು. ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾಗಿ ಲಾರಿಗಳೂ ನಿಂತವು. ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂಪಾಯಿ ಇದ್ದರೂ ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಇಳಿಯಿತು. ಮೆಕ್ಕೆಜೋಳ ಬೆಳೆದ ರೈತರಿಗೆ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ವ್ಯಾಪಾರಿಗೆ ಅಂಥದ್ದೇನೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಲಾಭ ಬಂದ ವರ್ಷ ನಾವು ಯಾರಿಗೂ ಹಂಚಿದವರಲ್ಲ.

ನನ್ನ ಗೋದಾಮಿನಲ್ಲಿ ಆಗ ಛಾವಣಿ ಮುಟ್ಟುವಷ್ಟು ಚೀಲ ಇದ್ದವು. ಸಂಚಾರ ಸಡಿಲವಾದ ಮೇಲೆ ನಮ್ಮ ಹಿರಿಯ ಹಮಾಲರು ಒಂದು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೂ ಕೈ ಇಳಿಸಿ, "ಕಾವು ಹಿಡದೈತ್ರೀ ಸಾವ್ಕಾರ್ರೆ, ಕೈ ಹಾಕಿ ನೋಡ್ರಿ" ಅಂದರು. ಹಾಕಿದೆ. ಒಳಗಿನ ಕಾಳು ಬೆಚ್ಚಗಿತ್ತು. ಹಿಡಿ ತೆಗೆದು ಮೂಸಿದರೆ ಬೂಷ್ಟಿನ ಘಾಟು. ಬೆರಳ ಸಂದಿಯಲ್ಲಿ ನುಸಿ ಹರಿದಾಡುತ್ತಿತ್ತು. ಸಿಕ್ಕ ದರಕ್ಕೆ ಕೊಟ್ಟುಬಿಟ್ಟೆ. ರೈತರ ಪಟ್ಟಿಯಲ್ಲಿ ಬಾಕಿ ಇದ್ದದ್ದನ್ನು ಮೊದಲು ಚುಕ್ತಾ ಮಾಡಿ, ಹೋದದ್ದೆಷ್ಟು ಎಂದು ಅವತ್ತು ರಾತ್ರಿಯೇ ಮನೆಯವಳ ಮುಂದೆ ಕೂತು ಹೇಳಿದೆ. ಮರುದಿನ ಬ್ಯಾಂಕ್ ಮ್ಯಾನೇಜರಿಗೂ ಹೇಳಿದೆ. ಆ ವಾರ ನನಗೆ ನಿದ್ದೆ ಬಂತು.

ಆಮೇಲೆ ದರ ಏರಿತು. ಕಾದವರಲ್ಲಿ ಕೆಲವರು ಗೆದ್ದರು. ಇದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲಾರೆ. ಆದರೆ ಕಾಯುವುದಕ್ಕೂ ಬೆಲೆ ಇದೆ. ಕ್ವಿಂಟಲ್‌ಗೆ 2,000 ರೂಪಾಯಿಯಂತೆ ಹಿಡಿದ ಮಾಲಿಗೆ ವರ್ಷಕ್ಕೆ 12% ಬಡ್ಡಿ ಎಂದರೆ ತಿಂಗಳಿಗೆ 20, ಆರು ತಿಂಗಳಿಗೆ 120 ರೂಪಾಯಿ. ತೇವಾಂಶ 14ರಿಂದ 12ಕ್ಕೆ ಇಳಿದರೆ ಕ್ವಿಂಟಲ್‌ಗೆ ಎರಡು ಕೆಜಿಗೂ ಹೆಚ್ಚು ತೂಕ ಕಡಿಮೆಯಾಗುತ್ತದೆ, ಅಲ್ಲಿಗೆ ಇನ್ನೊಂದು 45 ರೂಪಾಯಿ. ಬಾಡಿಗೆ, ನುಸಿ ಔಷಧಿ, ಹಮಾಲಿ ಬೇರೆ. ಇಷ್ಟನ್ನು ಕೂಡಿಸಿ ಕಾಯುವವನನ್ನು ವ್ಯಾಪಾರಿ ಅನ್ನುತ್ತೇನೆ. ಲೆಕ್ಕ ಹಾಕುವುದಕ್ಕೇ ಹೆದರಿ ಕಾಯುವವನು ವ್ಯಾಪಾರ ಮಾಡುತ್ತಿಲ್ಲ.

ಈಗ ನಾನು ಖರೀದಿಯ ದಿನವೇ ಕಿರ್ದಿಯ ಅಂಚಿನಲ್ಲಿ ಎರಡು ಸಾಲು ಬರೆಯುತ್ತೇನೆ: ಈ ಮಾಲು ಯಾಕೆ ಹಿಡಿದೆ, ದರ ಎಲ್ಲಿಗೆ ಇಳಿದರೆ ಕೊಟ್ಟುಬಿಡುತ್ತೇನೆ. 2025ರ ಹಂಗಾಮಿನಲ್ಲಿ ಬೆಂಬಲ ಬೆಲೆ 2,400 ಇದ್ದು ರಾಜ್ಯದ ಪೇಟೆಗಳಲ್ಲಿ ಮೆಕ್ಕೆಜೋಳ 1,600ರಿಂದ 1,800ಕ್ಕೆ ಕುಸಿದಾಗ ಎರಡನೆಯ ಸಾಲೇ ನನ್ನನ್ನು ಕಾಪಾಡಿತು. ಬರೆದಿಟ್ಟ ದರ ಬಂತು, ಕೊಟ್ಟೆ.

ಮೊದಲ ಸಾಲಿನಿಂದ ಇನ್ನೊಂದು ಉಪಕಾರವಿದೆ. ಹರಪನಹಳ್ಳಿ ಕಡೆ ಈರುಳ್ಳಿ ವ್ಯವಹಾರದವರು 2023ರ ಡಿಸೆಂಬರ್ ಮರೆತಿರಲಾರರು. 8ನೇ ತಾರೀಖಿನಿಂದ ರಫ್ತು ನಿಷೇಧವಾಯಿತು; ತೆರವಾದದ್ದು 2024ರ ಮೇ 4ಕ್ಕೆ. ಹಿಂದಿನ ದಿನ ಮಾಲು ಹಿಡಿದವನಿಗೆ ದೆಹಲಿಯ ಆದೇಶ ಹೇಗೆ ಗೊತ್ತಾಗಬೇಕು? ಇಂಥ ಪೆಟ್ಟಿಗೂ ತಮ್ಮನ್ನೇ ಹಳಿದುಕೊಳ್ಳುತ್ತ ಕೂತವರನ್ನು ನೋಡಿ ಸಂಕಟಪಟ್ಟಿದ್ದೇನೆ. ಯಾಕೆ ಹಿಡಿದೆ ಎಂಬುದು ಬರಹದಲ್ಲಿದ್ದರೆ, ತಪ್ಪಿದ್ದು ನಮ್ಮ ಅಂದಾಜೋ ಸರ್ಕಾರದ ಆದೇಶವೋ ಎಂದು ಬೇರ್ಪಡಿಸಲು ಬರುತ್ತದೆ.

ಯಾರ್ಡಿನಲ್ಲಿ ಪೆಟ್ಟು ತಿಂದರೆ ಚಹಾದ ಹೊತ್ತಿಗೆ ಎಲ್ಲರಿಗೂ ಗೊತ್ತು. ಅವಮಾನ ಅನ್ನಿಸುತ್ತದೆ, ನಿಜ. ಆದರೆ ಪಕ್ಕದ ಅಂಗಡಿಯವರು ಬಂದು ಕೂರುತ್ತಾರೆ, "ಹೋಗ್ಲಿ ಬಿಡೋ ತಮ್ಮಾ, ಮುಂದಿನ ಮಾಲಿಗೆ ನಾನದೀನಿ" ಅನ್ನುತ್ತಾರೆ. ಮೊಬೈಲಿನಲ್ಲಿ ಷೇರುಪೇಟೆಯ ಆಪ್ಷನ್ಸ್ ಆಡುವ ನಮ್ಮ ಹುಡುಗರಿಗೆ ಈ ಭಾಗ್ಯವಿಲ್ಲ; ಅವರು ಹಾಸಿಗೆಯಲ್ಲಿ ಮಲಗಿಕೊಂಡೇ ಕಳೆದುಕೊಳ್ಳುತ್ತಾರೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ 93% ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು ಅಂಕಿ: ಸತತ ವರ್ಷಗಳಲ್ಲಿ ಕಳೆದುಕೊಂಡವರಲ್ಲೂ 75%ಗಿಂತ ಹೆಚ್ಚು ಮಂದಿ ಆಟ ಬಿಟ್ಟಿರಲಿಲ್ಲ. ಗೋದಾಮಿಲ್ಲದೆಯೂ ನಷ್ಟವನ್ನು ಕೂಡಿಡಬಹುದು.

ಹಗರಿಬೊಮ್ಮನಹಳ್ಳಿಯ ಪರಿಚಯದವರ ಮಗ ಹೀಗೇ ಸಿಕ್ಕಿಕೊಂಡಿದ್ದ. ಸಾಲದ ಆ್ಯಪ್‌ಗಳಿಂದ ಎತ್ತಿ, ಒಂದರ ಕಂತನ್ನು ಇನ್ನೊಂದರಿಂದ ಕಟ್ಟುತ್ತಿದ್ದ. ಅನ್ನ ಸೇರುತ್ತಿರಲಿಲ್ಲ. "ಕಾಕಾ, ಅಪ್ಪಾಜಿಗೆ ಹೇಳಬ್ಯಾಡ್ರಿ" ಎಂದು ಬೇಡಿಕೊಂಡ. ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿದೆ. ಅದು ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡನೆಯದು, ಅವನನ್ನು ಕರೆದುಕೊಂಡು ಅವರ ಮನೆಗೇ ಹೋದೆ. ಅವರಪ್ಪ ಬೈದರು, ಎದ್ದು ಹೊರಗೆ ಹೋದರು, ತಿರುಗಿ ಬಂದು ಯಾವ ಸಾಲಕ್ಕೆ ಎಷ್ಟು ಬಡ್ಡಿ ಎಂದು ಮಗನ ಕೈಯಿಂದಲೇ ಹಾಳೆಯ ಮೇಲೆ ಬರೆಸಿದರು. ಎಲ್ಲಕ್ಕಿಂತ ಹೆಚ್ಚು ಬಡ್ಡಿಯದು ಅದೇ ವಾರ ತೀರಿತು. ಉಳಿದದ್ದಕ್ಕೆ ಈ ಸಲದ ಶೇಂಗಾ ದುಡ್ಡು ಅಂತ ಮಾತಾಗಿದೆ.