ತಬ್ಬಲಿ ಇಲಿಗಳಿಗೆ ಹೊಸ ಮನೆ

ಇಲಿ ಎಂದೊಡನೆ ನಮಗೆ ನೆನಪಾಗುವುದು ಕಣಜ, ಬೋನು ಮತ್ತು ಪಾಷಾಣ. ಆದರೆ ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಇಲಿಯನ್ನು ಮೊಲದಂತೆ ಮನೆಯಲ್ಲಿ ಸಾಕುವವರು ಅನೇಕರಿದ್ದಾರೆ. ಈ ಸಾಕಿಲಿಯು ಕಂದು ಇಲಿಯ ವಂಶದ್ದೇ; ಮನುಷ್ಯನ ಆಶ್ರಯದಲ್ಲಿ ಅನೇಕ ಪೀಳಿಗೆಗಳನ್ನು ಕಳೆದು ಸೌಮ್ಯ ಸ್ವಭಾವವನ್ನು ಪಡೆದಿದೆ. ಸಾಕುವವರಿರುವಲ್ಲಿ ಕೈಬಿಡುವವರೂ ಇರುವುದು ಸಹಜ. ಹಾಗೆ ತಬ್ಬಲಿಯಾದ ಇಲಿಗಳನ್ನು ರಕ್ಷಿಸಿ ಬೇರೊಂದು ಮನೆಗೆ ಸೇರಿಸುವ ಕೆಲಸಕ್ಕೆ ಕರುಣೆಯೊಂದೇ ಸಾಲದು. ಸ್ವಲ್ಪ ಗಣಿತವೂ ಸ್ವಲ್ಪ ವಿಜ್ಞಾನವೂ ಬೇಕು. ಅದು ಹೇಗೆಂಬುದನ್ನು ವಿಚಾರಿಸೋಣ.

2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಪೆಟಲೂಮ ಎಂಬ ಊರಿನಲ್ಲಿ, ಒಬ್ಬನೇ ವಾಸಿಸುತ್ತಿದ್ದ ಒಂದು ಚಿಕ್ಕ ಮನೆಯೊಳಗೆ ಸಾವಿರಕ್ಕೂ ಹೆಚ್ಚು ಇಲಿಗಳು ಕಂಡುಬಂದವು. ಇಷ್ಟೊಂದು ಇಲಿಗಳು ಒಂದೆಡೆ ಸೇರುವುದು ಹೇಗೆ? ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳನ್ನು ತೆಗೆದುಕೊಳ್ಳಲಿ. ಹೆಣ್ಣಿಲಿಯ ಗರ್ಭಾವಧಿ 21ರಿಂದ 23 ದಿನ. ಮರಿಗಳು ಐದಾರು ವಾರಗಳಲ್ಲಿ ಪ್ರೌಢವಾಗುತ್ತವೆ. ಒಂದು ಸೂಲಿಗೆ 10 ಮರಿಗಳೆಂದೂ, ಅವುಗಳಲ್ಲಿ ಅರ್ಧ ಹೆಣ್ಣುಗಳೆಂದೂ, ಪೀಳಿಗೆಯೊಂದಕ್ಕೆ ಮೂರು ತಿಂಗಳೆಂದೂ, ಪ್ರತಿ ಹೆಣ್ಣು ಒಮ್ಮೆ ಮಾತ್ರ ಹೆರುವುದೆಂದೂ ಇಟ್ಟುಕೊಳ್ಳೋಣ. ಮೊದಲ ಪೀಳಿಗೆಯಲ್ಲಿ 10, ಎರಡನೆಯದರಲ್ಲಿ 50, ಮೂರನೆಯದರಲ್ಲಿ 250. ನಾಲ್ಕನೆಯದರಲ್ಲಿ, ಎಂದರೆ ವರ್ಷ ತುಂಬುವಷ್ಟರಲ್ಲಿ, 1,250! ಸಾವುಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ನಿಜ. ಆದರೆ ಹೆತ್ತ ಒಂದೇ ದಿನದೊಳಗೆ ಹೆಣ್ಣಿಲಿಯು ಪುನಃ ಗರ್ಭ ಧರಿಸಬಲ್ಲುದೆಂಬುದನ್ನೂ ನಾವು ಬಿಟ್ಟಿದ್ದೇವೆ.

ಆದುದರಿಂದ ರಕ್ಷಕನ ಮೊದಲ ಕರ್ತವ್ಯ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದು. ಗಂಡುಮರಿಗಳನ್ನು ಐದು ವಾರ ತುಂಬುವುದರೊಳಗೆ ತಾಯಿಯಿಂದಲೂ ಸೋದರಿಯರಿಂದಲೂ ದೂರವಿಡಬೇಕು. ಗಂಡುಗಳೊಡನೆ ಇದ್ದ ಹೆಣ್ಣನ್ನು ಸುಮಾರು ಮೂರೂವರೆ ವಾರ ಪ್ರತ್ಯೇಕವಾಗಿರಿಸಿ, ಅದು ಗರ್ಭಿಣಿಯಲ್ಲವೆಂದು ಖಚಿತವಾದ ಮೇಲೆಯೇ ಇತರರಿಗೆ ಕೊಡತಕ್ಕದ್ದು. ಇಲ್ಲದಿದ್ದರೆ ಒಂದು ಮನೆಯ ಕಷ್ಟವನ್ನು ಮತ್ತೊಂದು ಮನೆಗೆ ಸಾಗಿಸಿದಂತಾಯಿತು.

ಎರಡನೆಯದು ಗಾಳಿಯ ಪ್ರಶ್ನೆ. ಇಲಿಯ ಮೂತ್ರದಿಂದ ಅಮೋನಿಯ ಅನಿಲ ಹೊರಡುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಗಾಳಿಯ ಸಂಚಾರ ಸಾಲದೆ ಅದು ಒಳಗೇ ನಿಂತು ಶ್ವಾಸಕೋಶಗಳನ್ನು ಕೆಡಿಸುತ್ತದೆ. ಮೈಕೋಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ಶ್ವಾಸರೋಗವು ಉಲ್ಬಣಿಸುತ್ತದೆ. ತಂತಿಯ ಗೂಡು, ಕಾಗದದ ಚೂರುಗಳ ಹಾಸಿಗೆ ಉತ್ತಮ. ಹೊಸದಾಗಿ ಬಂದ ಇಲಿಯನ್ನು ಎರಡು ವಾರವಾದರೂ ಹಳೆಯವುಗಳ ಗಾಳಿ ಸೋಕದ ಬೇರೆ ಕೋಣೆಯಲ್ಲಿಡಬೇಕು. ಇಲಿಗಳಿಂದ ಮನುಷ್ಯರಿಗೂ ಹರಡುವ ರೋಗಗಳಿರುವುದರಿಂದ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ಶಾಖದ ವಿಷಯವೂ ಗಮನಾರ್ಹ. ನಮ್ಮಂತೆ ಇಲಿಯ ಮೈ ಬೆವರುವುದಿಲ್ಲ. ರೋಮವಿಲ್ಲದ ಉದ್ದನೆಯ ಬಾಲದ ರಕ್ತನಾಳಗಳು ಹಿಗ್ಗಿ, ಮೋಟಾರು ಬಂಡಿಯ ರೇಡಿಯೇಟರಿನಂತೆ, ದೇಹದ ಶಾಖವನ್ನು ಹೊರಹಾಕುತ್ತವೆ. ಸುತ್ತಣ ಗಾಳಿಯೇ ಬಹಳ ಬಿಸಿಯಾದರೆ ಬಾಲವೂ ಕೈಲಾಗದ್ದಾಗುತ್ತದೆ. ಬಿಸಿಲಿನಲ್ಲಿ ಗೂಡನ್ನು ಸಾಗಿಸುವವರು ಇದನ್ನು ನೆನಪಿಡಬೇಕು.

ಇನ್ನು ಧ್ವನಿ. ಮನುಷ್ಯನ ಕಿವಿಯ ಮೇರೆ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಹೆದರಿದ ಇಲಿಯ ಕೂಗು ಸುಮಾರು 22,000 ಕಂಪನಗಳದ್ದು; ಆಟದ ಉಲ್ಲಾಸದಲ್ಲಿ ಅದು ಹೊರಡಿಸುವ ಸ್ವರವಾದರೋ ಸುಮಾರು 50,000 ಕಂಪನಗಳದ್ದು. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಹಿಡಿದು ಭಾಗಿಸಿದರೆ, ಈ ಎರಡನೆಯ ಸ್ವರದ ಅಲೆಯುದ್ದ ಕೇವಲ 7 ಮಿಲಿಮೀಟರ್ ಎಂದಾಗುತ್ತದೆ. ನಾವು ನಿಶ್ಶಬ್ದವೆಂದು ಭಾವಿಸಿದ ಕೋಣೆಯಲ್ಲಿ ಇಲಿಯೊಂದು ಭಯದಿಂದ ಕೂಗುತ್ತಿರಬಹುದು! ಆದಕಾರಣ ರಕ್ಷಕನು ಕಿವಿಯನ್ನು ನಂಬದೆ ಕಣ್ಣನ್ನು ನಂಬಬೇಕು: ಮೂಲೆಯಲ್ಲಿ ಮುದುಡಿರುವುದು, ರೋಮ ನಿಮಿರಿರುವುದು, ಮೂಗಿನ ಬಳಿ ಕೆಂಪು ಸ್ರಾವ ಕಟ್ಟಿರುವುದು, ಇವೆಲ್ಲ ಸಂಕಟದ ಲಕ್ಷಣಗಳು.

ಇಲಿ ಸಂಘಜೀವಿ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಒಂದು ಇಲಿಯನ್ನು ಇಕ್ಕಟ್ಟಾದ ನಳಿಗೆಯಲ್ಲಿ ಕೂಡಿ, ಅದರ ಸಂಗಾತಿಯನ್ನು ಹೊರಗೆ ಬಿಟ್ಟರು. ಹೊರಗಿನ ಇಲಿ ಕೆಲವು ದಿನಗಳಲ್ಲಿ ಬಾಗಿಲನ್ನು ತೆರೆಯಲು ಕಲಿತು ಗೆಳೆಯನನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟ್ ಇಟ್ಟಾಗಲೂ ಅದನ್ನೆಲ್ಲ ತಾನೇ ತಿನ್ನದೆ, ಹಲವು ಬಾರಿ ಗೆಳೆಯನಿಗೂ ಪಾಲು ಉಳಿಸಿತು. ಇಂತಹ ಪ್ರಾಣಿಯನ್ನು ಒಂಟಿಯಾಗಿ ಕೊಡುವುದು ಉಚಿತವಲ್ಲ. ಒಂದೇ ಲಿಂಗದ ಎರಡನ್ನಾದರೂ ಒಟ್ಟಿಗೆ ಕೊಡಬೇಕು. ಹೊಸಬನನ್ನು ಹಳಬರ ಗೂಡಿಗೆ ನೇರವಾಗಿ ಬಿಡದೆ, ಯಾರದೂ ಅಲ್ಲದ ಜಾಗದಲ್ಲಿ ಸ್ವಲ್ಪಸ್ವಲ್ಪವಾಗಿ ಪರಿಚಯಿಸಬೇಕು.

ಬೇಡವಾದ ಇಲಿಯನ್ನು ಹೊಲಕ್ಕೆ ಬಿಟ್ಟರೆ ಬದುಕಿಕೊಂಡೀತೆಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಬಿಳಿಯ ಮೈ ದೂರಕ್ಕೇ ಕಾಣುತ್ತದೆ. ಕೆಂಪು ಕಣ್ಣಿನ ದೃಷ್ಟಿ ಮಂದ. ಆಹಾರ ಹುಡುಕುವ, ಶತ್ರುವಿಗೆ ಅಂಜುವ ಅಭ್ಯಾಸವೂ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಗುತ್ತದೆ.

ಸಾಕಿಲಿಯ ಆಯುಸ್ಸು ಎರಡರಿಂದ ಮೂರು ವರ್ಷ. ಸುಮಾರು ಒಂದು ಪದವಿ ವ್ಯಾಸಂಗದ ಅವಧಿ. ಇಲಿಯನ್ನು ಮನೆಗೆ ತರಬಯಸುವ ವಿದ್ಯಾರ್ಥಿಯು, ಪರೀಕ್ಷೆಯ ದಿನಗಳಲ್ಲಿಯೂ ರಜೆಯಲ್ಲಿಯೂ ಅದನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಲಿ. ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ತರದಿರುವುದೇ ಆ ಇಲಿಗೆ ಮಾಡುವ ಉಪಕಾರ.