ನೋಡುವ ಸಾಧನ

ಬಂದರಿನ ಹಡಗನ್ನು ಲಂಗರು ಹಿಡಿದು ನಿಲ್ಲಿಸುವಂತೆ, ಕೆಲವು ಪ್ರೋಟೀನುಗಳನ್ನು ಜೀವಕೋಶದ ಪೊರೆಗೆ ಬಂಧಿಸಲು ಒಂದು ಲಂಗರಿದೆ. ಕೋಶದೊಳಗಿನ ಕಿಣ್ವವೊಂದು ಪ್ರೋಟೀನಿನ ಬಾಲವನ್ನು ಕತ್ತರಿಸಿ, ಅಲ್ಲಿ ಕೊಬ್ಬು ಮತ್ತು ಸಕ್ಕರೆಯಿಂದಾದ ಈ ಲಂಗರನ್ನು ಜೋಡಿಸುತ್ತದೆ.

ಇಂತಹ ಪ್ರೋಟೀನುಗಳ ನೆಲೆಯನ್ನರಿಯಲು ವಿಜ್ಞಾನಿಗಳು ಪ್ರತಿಕಾಯಗಳನ್ನು ಬಳಸುತ್ತಾರೆ. ರೋಗಾಣುಗಳನ್ನೆದುರಿಸಲು ದೇಹವು ನಿರ್ಮಿಸುವ ಈ ರಕ್ಷಕಗಳು ತಮ್ಮ ಗುರಿಯನ್ನು ಮಾತ್ರ ಹಿಡಿಯುತ್ತವೆ. ಅವಕ್ಕೆ ಹೊಳೆಯುವ ಬಣ್ಣವನ್ನು ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಲಂಗರಿನ ಪ್ರೋಟೀನುಗಳು ಪೊರೆಯ ಸಣ್ಣ ಗುಳಿಗಳಲ್ಲಿ ಗುಂಪುಗೂಡಿದ್ದುದು ಕಂಡಿತು.

ಆದರೆ ಪ್ರತಿಕಾಯಕ್ಕೆ ಎರಡು ತೋಳುಗಳು; ಅದು ಎರಡು ಪ್ರೋಟೀನುಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಹಾಗಾದರೆ ಆ ಗುಂಪು ಸಹಜವೋ, ಪ್ರತಿಕಾಯಗಳೇ ಎಳೆದು ತಂದುದೋ? ಅದು ಎಳೆದು ತಂದುದೇ ಎಂದು ನ್ಯೂಯಾರ್ಕಿನಲ್ಲಿ ಸಂಶೋಧಕರಾಗಿದ್ದ ಸತ್ಯಜಿತ್ ಮೇಯರ್ ಮತ್ತು ಅವರ ಸಂಗಡಿಗರು 1994ರಲ್ಲಿ ತೋರಿಸಿದರು.

ಮುಂದೆ ಮೇಯರ್ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸೇರಿದರು. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಇಂದು ಈ ಕೇಂದ್ರವಿದೆ. ಇಲ್ಲಿ ಅವರು ಪ್ರತಿಕಾಯದ ಬದಲು, ಪ್ರೋಟೀನುಗಳನ್ನು ಒಂದುಗೂಡಿಸದ ಹೊಳೆಯುವ ಫೋಲಿಕ್ ಆಮ್ಲವನ್ನು ಬಳಸಿದರು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದಾದ ನೈಜ ಗುಂಪುಗಳು ಪೊರೆಯಲ್ಲಿವೆಯೆಂದು 1998ರಲ್ಲಿ ಪ್ರಕಟಿಸಿದರು.

ನೋಡುವ ಸಾಧನವೇ ನೋಟವನ್ನು ಬದಲಿಸಬಹುದು. ಆದುದರಿಂದ ಕಂಡುದನ್ನು ಮಾತ್ರವಲ್ಲ, ಕಂಡ ಬಗೆಯನ್ನೂ ಪರೀಕ್ಷಿಸುವುದು ವಿಜ್ಞಾನಿಯ ಧರ್ಮ.