ಆನವಟ್ಟಿಯಲ್ಲಿ ಬಸ್ ಹತ್ತುವ ಮೊದಲು

ಮಗಾ, ಅಣ್ಣನ ಹಳೆ ಲ್ಯಾಪ್‌ಟಾಪಿಗೆ ನೀನು ಲಿನಕ್ಸ್ ಹಾಕಿಕೊಟ್ಟು ಹೋದದ್ದು ಒಳ್ಳೆಯದೇ ಆಯಿತು. ಅಡಿಕೆ ಲೆಕ್ಕ, ಸೊಸೈಟಿ ಸಾಲದ ಲೆಕ್ಕ ಎಲ್ಲ ಈಗ ಅದರಲ್ಲೇ. ಆದರೆ ಪ್ರಿಂಟರ್ ಮುನಿಸಿಕೊಂಡ ದಿನ ನೀನು ಬೆಂಗಳೂರಿನಿಂದ ಫೋನಿನಲ್ಲಿ ‘ಎಡಗಡೆ ಮೇಲೆ ಒತ್ತಿ’ ಅನ್ನುವುದು, ಅವನು ಕುಬಟೂರಿನಲ್ಲಿ ಬಲಗಡೆ ಕೆಳಗೆ ಒತ್ತುವುದು, ಇದನ್ನು ಇನ್ನು ನೋಡಲಾರೆ. ದೂರದಿಂದಲೇ ಪರದೆ ತೆರೆಯಲು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದ್ದೆಯಲ್ಲ? ನೀನು ಕೈ ಹಾಕುವ ಹೊತ್ತಿಗೆ ಅಣ್ಣ ಅದರ ಮುಂದೆ ಕೂತಿರುತ್ತಾನೋ ಇಲ್ಲವೋ? ಮೊದಲು ಅದನ್ನು ಹೇಳು. ಉತ್ತರ ಅಲ್ಲಿಂದ ಶುರು.

ಕೂತಿರುತ್ತಾನೆ ಅಂದರೆ ರಸ್ಟ್‌ಡೆಸ್ಕ್ ಸಾಕು. ಮುಕ್ತ ತಂತ್ರಾಂಶ. ಅವನು ಒಂದು ಸಂಖ್ಯೆ, ಒಂದು ಗುಪ್ತಪದ ಓದಿ ಹೇಳುತ್ತಾನೆ, ಅವನು ನೋಡುವ ಪರದೆಯೇ ನಿನಗೂ ಕಾಣುತ್ತದೆ. ನಿನ್ನ ಬಾಣದ ಗುರುತು ಓಡಾಡುವುದನ್ನು ನೋಡುತ್ತ ಅವನೂ ನಾಲ್ಕು ಕಲಿಯುತ್ತಾನೆ. ಎಕ್ಸ್‌ಆರ್‌ಡಿಪಿ ಎಂಬ ಇನ್ನೊಂದು ತಂತ್ರಾಂಶ ಹಾಗಲ್ಲ, ಅದು ಸಾಮಾನ್ಯವಾಗಿ ನಿನಗೆ ಬೇರೆಯೇ ಒಂದು ಪರದೆ ಕಟ್ಟಿಕೊಡುತ್ತದೆ. ಅಣ್ಣ ಅದೇ ಹೆಸರಿನಲ್ಲಿ ಆಗಲೇ ಒಳಗಿದ್ದರೆ ಎಷ್ಟೋ ಸಲ ನಿನಗೆ ಸಿಗುವುದು ಬರೀ ಕಪ್ಪು ಪರದೆ. ಆಗ ತಂತ್ರಾಂಶವನ್ನು ಬೈದು ಉಪಯೋಗವಿಲ್ಲ, ಅದರ ಕೆಲಸವೇ ಬೇರೆ.

ಇನ್ನೊಂದು ತೊಡಕು ವೇಲ್ಯಾಂಡ್, ಲಿನಕ್ಸ್ ಪರದೆಯನ್ನು ನಡೆಸುವ ಹೊಸ ವ್ಯವಸ್ಥೆ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಪಕ್ಕದವರ ಕಿಟಕಿಯಲ್ಲಿ ಇಣುಕಬಹುದಿತ್ತು. ಎಕ್ಸ್11ವಿಎನ್‌ಸಿಯಂಥವು ಬದುಕಿದ್ದೇ ಆ ಸಡಿಲಿನಲ್ಲಿ. ವೇಲ್ಯಾಂಡ್ ಆ ಬಾಗಿಲು ಹಾಕಿತು. ಪರದೆ ಹಂಚಬೇಕಾದರೆ ಎದುರಿಗಿರುವವರು ‘ಹೂಂ’ ಅನ್ನಬೇಕು. ಇದು ಸರಿಯೇ ಅನ್ನುತ್ತೇನೆ ನಾನು. ಗ್ನೋಮ್ ಡೆಸ್ಕ್‌ಟಾಪ್ 2022ರ ತನ್ನ 42ನೇ ಆವೃತ್ತಿಯಲ್ಲಿ, ದೂರದಿಂದ ಪರದೆ ತೆರೆಯುವ ಆರ್‌ಡಿಪಿಯನ್ನು ತಾನೇ ಒಳಗಿಟ್ಟುಕೊಂಡಿತು, ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ, ನಿನ್ನ ಕಡೆ ಅದನ್ನು ತೆರೆಯಲು ರೆಮಿನಾ ಇದ್ದರಾಯಿತು. ಆದರೆ ಅದಕ್ಕೆ ದಾರಿ ನೀನೇ ಮಾಡಿಕೊಡಬೇಕು.

ಆ ದಾರಿಯ ವಿಷಯಕ್ಕೆ ಬರೋಣ. ರೂಟರ್‌ನಲ್ಲಿ ಆರ್‌ಡಿಪಿಯ 3389 ಅಥವಾ ವಿಎನ್‌ಸಿಯ 5900ನೇ ಪೋರ್ಟನ್ನು ಹೊರಲೋಕಕ್ಕೆ ತೆರೆದಿಡಬೇಡ. ಅದು ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದಂತೆ. ಮೊಬೈಲ್ ನೆಟ್ ಆದರೆ ತೆರೆದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ, ನೂರಾರು ಜನರನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ವೈರ್‌ಗಾರ್ಡ್ ಅಥವಾ ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಹಾಕು. ಎರಡೂ ಯಂತ್ರಗಳು ಒಂದೇ ಮನೆಯಲ್ಲಿದ್ದ ಹಾಗಾಗುತ್ತದೆ.

ಅಣ್ಣ ತೋಟಕ್ಕೆ ಹೋದಾಗಲೂ ನೀನು ಕೆಲಸ ಮಾಡಬೇಕೆ? ಹಾಗಾದರೆ ಪರದೆಯ ಆಸೆಯನ್ನೇ ಬಿಡು, ಎಸ್‌ಎಸ್‌ಎಚ್ ಹಿಡಿ. ಮಳೆಗಾಲದಲ್ಲಿ ನೆಟ್ ತೊಟ್ಟಿಕ್ಕುವಾಗ ಚಿತ್ರ ಹರಿಯುವುದಿಲ್ಲ, ಅಕ್ಷರ ಹರಿಯುತ್ತದೆ. ಪರದೆ ಬೇಕೇ ಬೇಕೆಂದರೆ ಎಕ್ಸ್2ಗೋ ಇದೆ, ಹಿಂಡಿ ಸಣ್ಣದು ಮಾಡಿ ಕಳಿಸುವ ಎನ್ಎಕ್ಸ್ ತಂತ್ರ ಅದರದ್ದು, ಹಗುರವಾದ ಎಕ್ಸ್‌ಎಫ್‌ಸಿಇ ಜೊತೆ ಚೆನ್ನಾಗಿ ಓಡುತ್ತದೆ. ಅದೂ ಎಸ್‌ಎಸ್‌ಎಚ್‌ನ ಬೆನ್ನ ಮೇಲೇ ಬರುವುದು.

ಎಸ್‌ಎಸ್‌ಎಚ್ ಅನ್ನು ಫಿನ್ಲೆಂಡಿನ ತಾತು ಯುಲೊನೆನ್ 1995ರಲ್ಲಿ ಬರೆದದ್ದು ಯಾಕೆ ಗೊತ್ತಾ? ಅವರಿದ್ದ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕೂತು ಗುಪ್ತಪದಗಳನ್ನು ಕದಿಯುತ್ತಿದ್ದರು. ದಾರಿಯ ಮಧ್ಯೆ ಕೈ ಹಾಕುವ ಕಥೆ ಕುಬಟೂರಿನವನಾದ ನಿನಗೆ ನಾನು ಹೇಳಬೇಕೆ? ನಮ್ಮೂರೇ ಚಂದ್ರಹಾಸನ ಕುಂತಳನಗರ ಅನ್ನುತ್ತಾರಲ್ಲ. ಅವನು ಮಲಗಿದ್ದಾಗ ಅವನ ಬಳಿಯಿದ್ದ ಪತ್ರ ಬಿಚ್ಚಿ, ಅವನಿಗೆ ‘ವಿಷ’ ಕೊಡಿ ಎಂದಿದ್ದನ್ನು ಕಾಡಿಗೆಯಲ್ಲಿ ‘ವಿಷಯೆ’ ಎಂದು ತಿದ್ದಿದಳು ಆ ಹೆಸರಿನ ಹುಡುಗಿ. ಓದಿದ ಅವಳ ಅಣ್ಣ ಮದನನಿಗೆ ಅನುಮಾನವೇ ಬರಲಿಲ್ಲ, ಮದುವೆ ಮಾಡಿಬಿಟ್ಟ. ಎಸ್‌ಎಸ್‌ಎಚ್ ಆಗಿದ್ದರೆ ತಿದ್ದಿದ್ದು ಅಲ್ಲೇ ಸಿಕ್ಕಿಬೀಳುತ್ತಿತ್ತು, ಪಾಪ ವಿಷಯೆಗೆ ಗಂಡನೂ ತಪ್ಪುತ್ತಿದ್ದ. ಅದಕ್ಕೇ ಮೊದಲ ಸಲ ಅದು ತೋರಿಸುವ ಬೆರಳಚ್ಚಿನಂಥ ಗುರುತನ್ನು ಊರಿನಲ್ಲೇ ಬರೆದಿಟ್ಟುಕೋ, ಓದದೆ ‘ಯಸ್’ ಒತ್ತಬೇಡ. ಗುಪ್ತಪದ ನಿಲ್ಲಿಸಿ ಕೀಲಿ ಬಳಸು.

ಇನ್ನೊಂದು ಎಚ್ಚರ. ನಾನೊಮ್ಮೆ ದೂರದ ಸರ್ವರ್‌ನ ಫೈರ್‌ವಾಲ್ ಬಿಗಿ ಮಾಡಲು ಹೋಗಿ ನನ್ನನ್ನೇ ಹೊರಗಿಟ್ಟುಕೊಂಡೆ. ಒಂದೇ ಸಾಲು. ರಾತ್ರಿ ಬಸ್ಸಿನಲ್ಲಿ ಹೋಗಿ ಆ ಸಾಲು ಅಳಿಸಿ ಬಂದೆ. ಅಂದಿನಿಂದ ಫೈರ್‌ವಾಲ್ ಮುಟ್ಟುವ ಮೊದಲು, ಹತ್ತು ನಿಮಿಷದಲ್ಲಿ ಅದು ತಾನೇ ಕಳಚುವಂತೆ ‘ಆಟ್’ ಆಜ್ಞೆಯಲ್ಲಿ ಹೇಳಿಟ್ಟಿರುತ್ತೇನೆ. ಎಲ್ಲ ಸರಿಯಿದ್ದರೆ ಅದನ್ನು ರದ್ದು ಮಾಡುತ್ತೇನೆ.

ಅಣ್ಣನಿಗೂ ಒಂದು ಮಾತು ಹೇಳು. ಬ್ಯಾಂಕಿನವರೆಂದು ಫೋನ್ ಮಾಡಿ ಇಂಥದ್ದೇ ತಂತ್ರಾಂಶ ಹಾಕಿಸಿಕೊಂಡು ದುಡ್ಡು ಬಾಚುವವರಿದ್ದಾರೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್‌ನ ಹೆಸರು ಹೇಳಿಯೇ ಎಚ್ಚರಿಸಿತ್ತು, ತಪ್ಪು ಆ ತಂತ್ರಾಂಶದ್ದಲ್ಲದಿದ್ದರೂ. ಸಂಖ್ಯೆ ಓದಿ ಹೇಳುವುದು ನಿನ್ನ ದನಿ ಕೇಳಿದಾಗ ಮಾತ್ರ ಅಂತ ಗಟ್ಟಿಯಾಗಿ ಹೇಳಿಬಿಡು.

ದೀಪಾವಳಿಗೆ ಬಂದಾಗ ಇದೆಲ್ಲ ಮಾಡು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಹೇಳು, ಕರೆಂಟ್ ಹೋಗಿ ಬಂದರೆ ತಾನೇ ಏಳುತ್ತದೋ ನೋಡು. ಮನೆಯ ವೈಫೈನಲ್ಲಿ ತೆರೆದದ್ದನ್ನು ಪರೀಕ್ಷೆ ಅಂದುಕೊಳ್ಳಬೇಡ. ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ನಿನ್ನ ಫೋನಿನ ನೆಟ್‌ನಿಂದ ಒಮ್ಮೆ ತೆರೆದು ನೋಡು. ತೆರೆಯದಿದ್ದರೆ ಬ್ಯಾಗು ಹೆಗಲಿಗೇರಿಸಿ ವಾಪಸ್ ಬಾ, ಮನೆ ಹತ್ತಿರವೇ ಇದೆ.